ಎರಡನೆಯ ಹೊಂಡ ಎಲ್ಲಿದೆ, ತಮ್ಮಾ?

ತಮ್ಮ ಪಂಪಾಪತಿಗೆ ನಿನ್ನ ಅಣ್ಣ ದೊಡ್ಡಬಸಪ್ಪನ ಆಶೀರ್ವಾದ.

ಹೆಸರಿನ ಮುಂದೆ ಚಿರಂಜೀವಿ ಎಂದು ಬರೆಯುವುದು ನನ್ನ ರೂಢಿ. ಇವತ್ತು ‘ಚಿ’ ಎಂದು ಬರೆದ ಮೇಲೆ ಕೈ ನಿಂತಿತು. ಆ ಹಾಳೆ ಹರಿದು ಬೇರೆ ತೆಗೆದುಕೊಂಡಿದ್ದೇನೆ. ಅಲ್ಲಿ ಎಲ್ಲರೂ ಹೇಗಿದ್ದೀರಿ? ಅವ್ವನ ಮೊಣಕಾಲು ಈಗ ಮಡಚಲು ಬರುತ್ತದೆಯೇ? ಅಪ್ಪನ ಕೆಮ್ಮು ನಿಂತಿತೋ, ಅಲ್ಲಿಯೂ ಬೀಡಿ ಸಿಗುತ್ತದೋ? ನಿನ್ನ ಅತ್ತಿಗೆ ಶರಣಮ್ಮನ ಕಣ್ಣು ಹೇಗಿವೆ? ಕಡೆಯ ವರ್ಷ ಅವಳಿಗೆ ಅಕ್ಕಿಯೊಳಗಿನ ಹರಳು ಕಾಣುತ್ತಿರಲಿಲ್ಲ, ಆದರೂ ಮೊರ ಮಾತ್ರ ಬಿಡುತ್ತಿರಲಿಲ್ಲ. ಇಲ್ಲಿ ನಿನ್ನ ಹೆಂಡತಿ ಈರಮ್ಮ ಆರೋಗ್ಯವಾಗಿದ್ದಾಳೆ. ನನ್ನ ಮಗಳು ಗಿರಿಜಾ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ, ಪಂಚಮಿಗೆ ಬಂದು ಹೋದಳು. ನಾನೂ ಇದ್ದೇನೆ. ಮದುವೆ ಅಡುಗೆಗೆ ಹೋಗುವುದನ್ನು ಬಿಟ್ಟಿದ್ದೇನೆ.

ಒಂದು ಮಾತು ಕೇಳುವುದಿದೆ. ಅದಕ್ಕೇ ಈ ಕಾಗದ. ನೀನು ಕೆಲಸ ಮಾಡುತ್ತಿದ್ದ, ಹತ್ತಿಯ ಹುಳಕ್ಕೆ ಹೊಡೆಯುವ ಪುಡಿಯ ಫ್ಯಾಕ್ಟರಿಯಲ್ಲಿ ಡ್ರಮ್ಮು ತೊಳೆದ ನೀರನ್ನು ಬಿಡುತ್ತಿದ್ದ ಹೊಂಡ ಒಂದೇ ಇತ್ತೋ, ಎರಡಿದ್ದವೋ? ಎರಡಿದ್ದರೆ ಎರಡನೆಯದು ಎಲ್ಲಿ? ಫ್ಯಾಕ್ಟರಿ ಕೈಬದಲಾಗಿದೆ. ಹಳೆಯ ಮ್ಯಾನೇಜರು ಎಲ್ಲಿದ್ದಾರೋ ತಿಳಿಯದು. ನಿನ್ನ ಜೊತೆಗಿದ್ದವರೆಲ್ಲ ಆಂಧ್ರದ ಕಡೆಯವರು, ಬಿಟ್ಟು ಹೋದರು. ನಮ್ಮ ಓಣಿಯ ಬಾವಿ ಇನ್ನು ಕುಡಿಯುವ ಬಾವಿಯಾಗುತ್ತದೋ ಇಲ್ಲವೋ ಎನ್ನುವುದು ಆ ಹೊಂಡದ ಮೇಲೆ ನಿಂತಿದೆ. ಅದನ್ನು ಬಲ್ಲವನು ನೀನೊಬ್ಬನೇ ಇದ್ದೆ. ನೀನು ಹೇಳಲು ಬಂದಾಗ ನಾನು...

ನೀನು ಕೆಲಸಕ್ಕೆ ಸೇರಿದ ವಾರ ನೆನಪಿದೆಯೇ? ಬಳ್ಳಾರಿಯಿಂದ ಕುರುಗೋಡಿಗೆ ಬರುವ ಬಸ್ಸು ನಮ್ಮೂರ ಹತ್ತಿರ ತಿರುಗುವಲ್ಲಿ, ಹಳ್ಳದ ದಂಡೆಗೆ ಆ ತಗಡಿನ ಶೆಡ್ಡುಗಳು ಎದ್ದಿದ್ದವು. ಹತ್ತಿಗೆ ಹುಳ ಬೀಳುವುದು ಹೆಚ್ಚಾಗಿತ್ತು, ಹೊಡೆಯುವ ಪುಡಿಗೆ ಎತ್ತಿನ ಗಾಡಿಗಳು ಸಾಲು ಹಚ್ಚುತ್ತಿದ್ದವು. ನೀನು ಸಂಜೆ ಮನೆಗೆ ಬಂದರೆ ಹುಬ್ಬಿನ ಕೂದಲೂ ಬಿಳಿ. ಅವ್ವ ಬಾಗಿಲಲ್ಲೇ ನಿಲ್ಲಿಸಿ, “ಏನೋ ಇದು, ಹಿಟ್ಟಿನ ಗಿರಣ್ಯಾಗ ಬಿದ್ದಂಗ ಬಂದೀಯಲ್ಲ, ರೊಟ್ಟಿ ಬಡೀಲೇನು ನಿನ್ನ?” ಎನ್ನುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಮಲೇರಿಯಾದವರು ಗೋಡೆಗೆ ಹೊಡೆಯುವ ಔಷಧದ ವಾಸನೆ ನಿನ್ನ ಅಂಗಿಯಲ್ಲಿ ಬರುತ್ತಿತ್ತು. ಅದು ಶುಚಿಯ ವಾಸನೆ ಎಂದೇ ನಾನು ತಿಳಿದಿದ್ದೆ. ತಿಗಣೆ ಸಾಯುತ್ತವಲ್ಲ!

ಸಿರುಗುಪ್ಪದ ಕಡೆ ರಾರಾವಿಯಲ್ಲಿ ಆದ ಗೌಡರ ಮನೆಯ ಮದುವೆಗೆ ನಿನ್ನನ್ನೂ ಕರೆದುಕೊಂಡು ಹೋಗಿದ್ದೆ. ಅಡುಗೆಗೆ ಮೊದಲು ನೀರು ನೋಡುವುದು ನನ್ನ ಪದ್ಧತಿ. ಸಣ್ಣ ತಾಮ್ರದ ಚರಿಗೆಯಲ್ಲಿ ಒಂದು ಹಿಡಿ ತೊಗರಿಬೇಳೆ, ಉಪ್ಪಿಲ್ಲ, ಎಣ್ಣೆಯಿಲ್ಲ, ಮೂರು ಕಲ್ಲಿನ ನಡುವೆ ಹತ್ತಿಕಟ್ಟಿಗೆಯ ಉರಿ. ಬೇಳೆ ಬೆರಳ ನಡುವೆ ಬೆಣ್ಣೆಯಂತೆ ಹಿಸುಕಿ ಹೋದರೆ ಅದು ಸಿಹಿನೀರು. ಕಾಳು ಕಾಳಾಗಿ ಕುಣಿದರೆ ಸವಳು, ಆ ಬಾವಿ ಬೇಡ. ಅಂದು ಗೌಡರ ಸ್ವಂತ ಬಾವಿಯನ್ನೇ ಬೇಡವೆಂದೆ. ಗೌಡರು ಮೀಸೆ ತಿರುವಿ, “ಏನಲೇ, ನಮ್ಮಪ್ಪ ತೋಡಿಸಿದ ಬಾವಿಗೆ ಹೆಸರಿಡ್ತೀಯೇನು?” ಎಂದರು. ನಾನು, “ಬಾವಿ ನಿಮ್ಮಪ್ಪಾರದು ಖರೆ ಐತ್ರಿ, ಬ್ಯಾಳಿ ಮಾತ್ರ ಯಾರಪ್ಪನ ಮಾತೂ ಕೇಳಂಗಿಲ್ಲ” ಎಂದೆ. ತುಂಗಭದ್ರೆಯಿಂದ ಗಾಡಿಗಳಲ್ಲಿ ನೀರು ತರಿಸಿದರು. ಊಟವಾದ ಮೇಲೆ ಅವರೇ ಬಂದು ಹೆಗಲಿಗೆ ಶಲ್ಯ ಹಾಕಿದರು. ಆ ಶಲ್ಯ ನನ್ನ ತಲೆಗೆ ಏರಿತು, ಪಂಪಾ. ಮೋಕದಿಂದ ರಾರಾವಿಯ ತನಕ ದೊಡ್ಡಬಸಪ್ಪ ನೋಡಿದ ನೀರು ಎಂದರೆ ಮತ್ತೆ ಕೇಳುವವರಿರಲಿಲ್ಲ.

ಆಮೇಲೆ ಆ ಸೋಮವಾರ ಬಂತು. ನೀನು ಪಾಳಿ ಮುಗಿಸಿ ಮೈ ಕೂಡ ತೊಳೆಯದೆ ನೇರ ನನ್ನ ಕಟ್ಟೆಗೆ ಬಂದೆ. ನಾನು ಮದುವೆ ಅನ್ನದ ಅಕ್ಕಿ ಆರಿಸುತ್ತಿದ್ದೆ. ನೀನು ಕೂಡಲಿಲ್ಲ, ನಿಂತೇ ಹೇಳಿದೆ.

“ಅಣ್ಣಾ, ಓಣಿ ಬಾವಿ ನೀರು ಬ್ಯಾಡ. ಮಂದಿಗೆ ನೀ ಹೇಳು, ನಿನ್ನ ಮಾತು ಕೇಳ್ತಾರ.”

“ಯಾಕಲೇ, ಏನಾಗೈತಿ ಬಾವಿಗೆ?”

“ವಾಸನಿ ಹೊಡೀತೈತಿ. ನಮ್ಮ ಫ್ಯಾಕ್ಟರಿ ವಾಸನಿ. ಡ್ರಮ್ಮು ತೊಳದ ನೀರು ಹಿಂದ ಹೊಂಡಕ್ಕ ಬಿಡ್ತಾರ. ಕೆಳಗ ಗಚ್ಚು ಇಲ್ಲ ಏನಿಲ್ಲ, ಬರೀ ಮಣ್ಣು. ಎಲ್ಲಿ ಹೋಕ್ಕೈತಿ ಹೇಳು ಅದು?”

“ನಿನ್ನ ಮೂಗಿನ್ಯಾಗ ಆ ಪುಡಿ ಕುಂತೈತಿ. ನಿನಗ ಹಾಲೂ ಹಂಗ ನಾರತೈತಿ.”

“ಆ ಹೊಂಡ ಒಂದಾ ಅಲ್ಲಣ್ಣಾ, ಬೇಲಿ ಕಡೆ—”

“ಸಾಕು ಬಿಡಲೇ! ನೀರು ನೋಡಾದು ನನಗ ಕಲಸ್ತೀಯೇನು?”

ಇಷ್ಟೇ. ಬೇಲಿ ಕಡೆ ಏನು? ಬೇಲಿ ಕಡೆ ಇನ್ನೊಂದು ಹೊಂಡವೋ, ಬೇಲಿ ಕಡೆ ಹರಿಯುವ ನೀರೋ, ಬೇಲಿ ಕಡೆ ನಿಂತು ನೀನು ಕಂಡ ಬೇರೆ ಏನೋ? ಎಷ್ಟು ವರ್ಷವಾದವು, ಆ ಮಾತನ್ನು ನಾನು ಎಷ್ಟು ಥರ ಮುಗಿಸಿ ನೋಡಿಲ್ಲ! ನೀನು ಬಾಯಿ ತೆರೆದೇ ನಿಂತಿದ್ದೆ. ನಾನು ಎದ್ದು ಚರಿಗೆ ತೆಗೆದುಕೊಂಡು ಬಾವಿಗೆ ಹೋದೆ.

ಓಣಿಯೆಲ್ಲ ನೆರೆದಿತ್ತು. ನಾನು ಬಾವಿಕಟ್ಟೆಯ ಹತ್ತಿರವೇ ಕಲ್ಲು ಹೂಡಿ ಬೇಳೆಗೆ ಇಟ್ಟೆ. ನೀನು ಬೇವಿನ ಗಿಡಕ್ಕೆ ಒರಗಿ ಕೈ ಕಟ್ಟಿಕೊಂಡು ನೋಡುತ್ತಿದ್ದೆ. ಬೇಳೆ ಬೆಂದಿತು. ಬೆಂದಿತು ಎಂದರೆ ಹೂವಿನಂತೆ ಅರಳಿತು. ನಾನು ಎಲ್ಲರ ಅಂಗೈಗೂ ಒಂದೊಂದು ಚಿಟಿಕೆ ಹಾಕಿ ಹಿಸುಕಿಸಿದೆ. ಎದುರುಮನೆಯ ಹುಲಿಗೆಮ್ಮ, “ಪಂಪಣ್ಣಾ, ನಿನ್ನ ಫ್ಯಾಕ್ಟರಿ ಬ್ಯಾಳಿ ಬೇಯಾಕ ಮಸಾಲಿ ಹಾಕಿದಂಗೈತಿ ನೋಡು” ಎಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಒಡಹುಟ್ಟಿದವನನ್ನು ಓಣಿಯ ಮುಂದೆ ನಗೆಗೀಡು ಮಾಡಿ ಬಿಂದಿಗೆ ತುಂಬಿಸಿ ಕಳಿಸಿದೆ. ನೀನು ಹೊರಟುಹೋದೆ. ಆಮೇಲೆ ನಿನ್ನ ಮನೆಗೆ ಈರಮ್ಮ ನಮ್ಮೂರ ಗೌಡರ ತೋಟದಿಂದ ನೀರು ಹೊರುತ್ತಿದ್ದಳು. ಎರಡು ಫರ್ಲಾಂಗು ದೂರ. ನಾನು ಕಂಡೂ ಕಾಣದ ಹಾಗಿದ್ದೆ.

ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ನಿನ್ನ ಕಣ್ಣು ಅರಿಸಿನದ ಹಾಗಾಗಿದ್ದವು. ಕಾಮಾಲೆ ಎಂದರು, ನೀನು ಅಲ್ಲಿಂದ ಮನೆಗೆ ಮರಳಲಿಲ್ಲ. ಪುಡಿಯಿಂದಲೋ, ನೀರಿನಿಂದಲೋ, ಇನ್ನು ಯಾತರಿಂದಲೋ, ಅದನ್ನು ಯಾರೂ ಹೇಳಲಿಲ್ಲ, ಕೇಳುವ ಬಾಯಿ ನನಗೂ ಇರಲಿಲ್ಲ. ನಾನು ಊರಿನಿಂದ ಗಂಜಿ ತಂದಿದ್ದೆ. ನೀನು ಲೋಟ ಹಿಡಿದು, “ಯಾವ ನೀರಾಗ ಮಾಡಿದಿ ಅಣ್ಣಾ?” ಎಂದೆ. ನಾನು, “ಗಿರಿಜಾನ ಮನಿ ನಳದ ನೀರು” ಎಂದೆ. ನೀನು ನನ್ನ ಮುಖ ನೋಡಿ ಕುಡಿದೆ. ಪಂಪಾ, ಅದು ನಳದ ನೀರಲ್ಲ. ಓಣಿಯ ಬಾವಿಯದು. ಹಟಕ್ಕೆ ಮಾಡಿದೆನೋ, ರೂಢಿಗೆ ಮಾಡಿದೆನೋ, ನನಗೆ ಇವತ್ತಿಗೂ ತಿಳಿಯದು. ಒಂದು ಲೋಟ ಗಂಜಿಯಿಂದ ಏನೂ ಆಗಿರಲಿಕ್ಕಿಲ್ಲ ಎಂದು ಓದಿದವರು ಹೇಳುತ್ತಾರೆ. ಆದರೆ ನೀನು ನನ್ನ ಮಾತಿನ ಮೇಲೆ ಕುಡಿದೆಯಲ್ಲ? ಅಥವಾ ಗೊತ್ತಾಗಿಯೂ ಕುಡಿದೆಯೋ?

ಭೋಪಾಲದ ವಿಷಗಾಳಿಯ ಸುದ್ದಿ ಪೇಪರಿನಲ್ಲಿ ಬಂದ ದಿನ ಕುರುಗೋಡಿನ ಚಹಾದ ಅಂಗಡಿಯಲ್ಲಿ ಒಬ್ಬ ಓದುತ್ತಿದ್ದ, ಉಳಿದವರು ಕೇಳುತ್ತಿದ್ದೆವು. ಎಲ್ಲರ ಕಣ್ಣೂ ನಮ್ಮೂರ ತಗಡಿನ ಶೆಡ್ಡುಗಳ ದಿಕ್ಕಿಗೆ ಹೋದವು. ಕೆಲವು ತಿಂಗಳಿಗೆ ಸರಕಾರದ ಜೀಪು ಬಂತು. ನೀರು ಪರೀಕ್ಷೆ ಮಾಡುವ ಹೆಣ್ಣುಮಗಳು, ಮೈಸೂರು ಕಡೆಯವಳು, ಹೆಸರು ವನಜಾಕ್ಷಿ. ಕಂದು ಬಣ್ಣದ ಬಾಟಲಿಗಳಲ್ಲಿ ಬಾವಿಯ ನೀರು ತುಂಬಿ, ಅರಗು ಹಚ್ಚಿ, ಬರ್ಫಿನ ಪೆಟ್ಟಿಗೆಯಲ್ಲಿ ಒಯ್ದಳು. ತಿರುಗಿ ಬಂದಾಗ ಬಾವಿಕಟ್ಟೆಗೆ ಕೆಂಪು ಬಣ್ಣದಲ್ಲಿ ‘ಕುಡಿಯಬಾರದು’ ಎಂದು ಬರೆಸಿದಳು. ನಾನು ಜಗಳಕ್ಕೆ ಹೋದೆ. ಅವಳು ಸಿಟ್ಟಾಗಲಿಲ್ಲ. “ತಾತ, ನಿಮ್ಮ ಪರೀಕ್ಷೆ ಸುಳ್ಳಲ್ಲ. ನೀರು ಗಡುಸೋ ಮೆದುವೋ ಅಂತ ಬೇಳೆ ಸರಿಯಾಗೇ ಹೇಳತ್ತೆ. ಆದ್ರೆ ವಿಷ ಇದ್ಯಾ ಅಂತ ನೀವು ಬೇಳೇನ ಕೇಳಿದ್ರೆ ಅದಕ್ಕೆ ಹೇಗೆ ಗೊತ್ತಾಗ್ಬೇಕು?” ಎಂದಳು. ಐವತ್ತು ವರ್ಷ ಬೇಳೆ ಬೇಯಿಸಿದವನಿಗೆ ಇಷ್ಟು ಹೊಳೆಯಲಿಲ್ಲವಲ್ಲ.

ಹಿಂದಿನ ಹೊಂಡವನ್ನು ಅಗೆದರು. ಬೂದಿಯಂಥ ಮಣ್ಣು ಬಂತು, ಆಳಕ್ಕೆ ಹೋದಂತೆ ಹಳದಿ. ಆ ಮಣ್ಣನ್ನೆಲ್ಲ ಗಚ್ಚಿನ ತೊಟ್ಟಿಗೆ ತುಂಬಿ ಮೇಲೆ ಹಾಸು ಹಾಕಿ ಮುಚ್ಚಿದರು. ಬಾವಿಗೆ ಡೀಸೆಲ್ ಎಂಜಿನ್ ಕೂಡಿಸಿ ನೀರೆತ್ತಿ, ಇದ್ದಿಲು ತುಂಬಿದ ದೊಡ್ಡ ಕಬ್ಬಿಣದ ಟಾಕಿಯೊಳಗಿಂದ ಹಾಯಿಸಿ, ಆಚೆ ಗಚ್ಚು ಮಾಡಿದ ಕೆರೆಯಂಥದ್ದರಲ್ಲಿ ಬಿಸಿಲಿಗೆ ಆರಲು ಬಿಡುತ್ತಾರೆ. ಊರಿನ ಸುತ್ತ ಮೂರು ಬೋರು ಕೊರೆದಿದ್ದಾರೆ, ಕುಡಿಯಲು ಅಲ್ಲ, ನೆಲದೊಳಗಿನ ನೀರು ಹೇಗಿದೆ ಎಂದು ಆಗಾಗ ನೋಡಲು. ಫ್ಯಾಕ್ಟರಿಯ ಹೊಸ ಮಾಲೀಕರು ಗೊಣಗುತ್ತಲೇ ಮಾಡಿಸುತ್ತಿದ್ದಾರೆ. ನಮಗೆ ಟ್ಯಾಂಕರಿನಲ್ಲಿ ಕಾಲುವೆ ನೀರು. ಆದರೆ ಓಣಿಯ ಹೆಂಗಸರು ಎಂಜಿನ್ ಸುಮ್ಮನಿದ್ದಾಗ ಬಾವಿಗೇ ಹಗ್ಗ ಬಿಡುತ್ತಿದ್ದರು. ಬೇಡ ಎಂದರೆ ಹುಲಿಗೆಮ್ಮ ನನಗೇ ತಿರುಗಿ ಬಿದ್ದಳು: “ಟ್ಯಾಂಕರ ನೀರಾಗ ಹುಳ ಆಡ್ತಾವ. ಇದು ನೀನಾ ನೋಡಿ ಹೇಳಿದ ನೀರು ದೊಡ್ಡಬಸಣ್ಣ. ನಿನಗಿಂತ ಆ ಬಾಟ್ಲಿ ಹುಡುಗಿ ಹೆಚ್ಚೇನು?”

ಮಾರನೆಯ ಮುಂಜಾನೆ ಅದೇ ಜಾಗದಲ್ಲಿ ಕಲ್ಲು ಹೂಡಿದೆ. ಹುಲಿಗೆಮ್ಮ ಕೊಡ ಕೆಳಗಿಟ್ಟು, “ಏನಪಾ, ಯಾರ ಮದುವಿ?” ಎಂದಳು. ಚರಿಗೆಗೆ ನಾನು ಸುರಿದದ್ದು ಕಾಲುವೆ ನೀರು. ಅದಕ್ಕೆ ಹಿಡಿ ಬೇಳೆ ಹಾಕಿದೆ. ಆಮೇಲೆ ಮುಖಕ್ಕೆ ಟವೆಲ್ ಕಟ್ಟಿಕೊಂಡು, ಹತ್ತಿಗೆ ಹೊಡೆಯುವ ಪುಡಿಯನ್ನು ಎಲ್ಲರ ಕಣ್ಣೆದುರಿಗೆ ಒಂದು ಚಿಟಿಕೆ ಹಾಕಿದೆ. ಹೆಂಗಸರು “ಅಯ್ಯಯ್ಯಪ್ಪ” ಎಂದು ಹಿಂದೆ ಸರಿದರು. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿರಿ ಎಂದೆ. ಬೇಳೆ ಬೆಂದಿತು, ಪಂಪಾ. ಅದೇ ಹೂವು. ಕಟ್ಟಿಗೆಯಿಂದ ಎತ್ತಿ ಒತ್ತಿ ತೋರಿಸಿದೆ, ಬೆಣ್ಣೆಯಾಗಿತ್ತು.

“ನೀರು ಚಲೋ ಐತಿ ಅಂತೈತಿ ಬ್ಯಾಳಿ. ಯಾರು ಉಣ್ತೀರಿ? ಹುಲಿಗೆಮ್ಮಾ, ಬಾ.”

ಅವಳು ಬರಲಿಲ್ಲ. “ಹಂಗಾದ್ರ ಅವತ್ತು ಪಂಪಣ್ಣ ಹೇಳಿದ್ದು...” ಎಂದಳು. ನಾನು, “ಖರೆ ಹೇಳಿದ್ದ. ನಾ ತಪ್ಪು ಹೇಳಿದ್ದೆ” ಎಂದೆ. ಎಂಟು ಮಂದಿ ಹೆಂಗಸರ ಮುಂದೆ, ನೀನು ಒರಗಿ ನಿಂತಿದ್ದ ಅದೇ ಬೇವಿನ ಗಿಡದ ಕೆಳಗೆ. ಹುಲಿಗೆಮ್ಮ ಬಾವಿಯ ಹಗ್ಗವನ್ನು ತಾನೇ ಬಿಚ್ಚಿ ಸುರುಳಿ ಸುತ್ತಿದಳು. ಚರಿಗೆಯನ್ನು ಬೇಳೆ ಸಮೇತ ಒಯ್ದು ಫ್ಯಾಕ್ಟರಿಯ ಗಚ್ಚಿನ ತೊಟ್ಟಿಗೆ ಹಾಕಿಸಿ ಬಂದೆ. ಅಂದಿನಿಂದ ಯಾರ ಅಡುಗೆಗೂ ಹೋಗಿಲ್ಲ. ನೀರು ನೋಡದೆ ಹೇಗೆ ಒಲೆ ಹಚ್ಚಲಿ? ನೋಡಿದರೆ ಹೇಗೆ ನಂಬಲಿ?

ಈ ಮಳೆಗಾಲ ಮುಗಿದ ಮೇಲೆ ವನಜಾಕ್ಷಿ ಮುಖ ಸಣ್ಣದು ಮಾಡಿಕೊಂಡು ಬಂದಳು. ಬೇಸಿಗೆಯ ತನಕ ಬಾವಿಯ ನೀರು ಸುಧಾರಿಸುತ್ತ ಬಂದಿತ್ತಂತೆ, ಈಗ ಮತ್ತೆ ಕೆಟ್ಟಿದೆಯಂತೆ. ಅಗೆದ ಹೊಂಡದ ಕಡೆಯ ಬೋರು ಚೆನ್ನಾಗಿದೆ, ಹಳ್ಳದ ಕಡೆಯ ಬೋರು ಮಾತ್ರ ನಾರುತ್ತಿದೆ. “ಎಲ್ಲೋ ಇನ್ನೊಂದು ಕಡೆಯಿಂದ ಇಳೀತಿದೆ ತಾತ” ಎಂದಳು. ಹೊಸ ಮ್ಯಾನೇಜರು ಕಾಗದ ತೋರಿಸಿದರು: ಅದರಲ್ಲಿ ಹೊಂಡ ಒಂದೇ. ಅಂಗಳ ಪೂರ್ತಿ ಅಗೆಯಲು ಒಪ್ಪುವುದಿಲ್ಲ. ಹಳೆಯ ಕೆಲಸಗಾರರು ಯಾರಾದರೂ ಹೇಳಿದ್ದರೆ, ಜಾಗ ಇಂಥದ್ದು ಎಂದು ಬರೆದುಕೊಟ್ಟರೆ, ಅಲ್ಲಿ ಮಾತ್ರ ಅಗೆಸಬಹುದು. ಅಲ್ಲಿ ಏನೂ ಸಿಗದಿದ್ದರೆ? ಊರಿನವರು ಸುಮ್ಮನೆ ಕಾಡುತ್ತಾರೆ ಎಂದು ಮೇಲಕ್ಕೆ ಬರೆದು ಎಂಜಿನ್ ಕೂಡ ನಿಲ್ಲಿಸುತ್ತಾರೆ. ಮ್ಯಾನೇಜರು ಅದನ್ನು ಮುಚ್ಚಿಡದೆ ಹೇಳಿದರು.

ಈರಮ್ಮನನ್ನು ಕೇಳಿದೆ. ನಿನ್ನ ಹೆಸರು ಎತ್ತಿದರೆ ಅವಳು ಇವತ್ತಿಗೂ ಸೆರಗು ಸರಿಮಾಡಿಕೊಳ್ಳುತ್ತಾಳೆ.

“ನನಗ ಹೊಂಡ ಗಿಂಡ ಗೊತ್ತಿಲ್ಲ ಭಾವಾರ. ಒಂದು ಮಾತ್ರ ಗೊತ್ತೈತಿ. ಆಡು ಹಳ್ಳದ ಬೇಲಿ ಕಡೆ ಹೊಡೀಬ್ಯಾಡ ಅಂತಿದ್ರು. ಅವರೂ ಕಡೀ ವರ್ಷ ಆ ಕಡೆ ಕಾಲಿಡಲಿಲ್ಲ. ರಸ್ತಿ ಸುತ್ತಿ ಬರ್ತಿದ್ರು.”

“ಯಾಕಂತ ಕೇಳಲಿಲ್ಲೇನವ್ವ?”

“ನೀವು ಕೇಳಿದ್ರೇನು?” ಎಂದಳು. ಸಿಟ್ಟಿನಿಂದಲ್ಲ. ಹಾಗಾಗಿ ಇನ್ನಷ್ಟು ನಾಟಿತು.

ಫ್ಯಾಕ್ಟರಿಗೆ ಮೂರು ಕಡೆ ಬೇಲಿಯಿದೆ. ರಸ್ತೆಯ ಕಡೆ, ಓಣಿಯ ಕಡೆ, ಹಳ್ಳದ ಕಡೆ. ನೀನು ರಸ್ತೆ ಸುತ್ತಿ ಬರುತ್ತಿದ್ದುದನ್ನು ನಾನೂ ಕಂಡಿದ್ದೆ. ನನ್ನ ಕಟ್ಟೆಯ ಮುಂದೆ ಹಾಯುವುದು ಬೇಡವೆಂದು ಸುತ್ತುತ್ತೀಯೆ ಎಂದೇ ತಿಳಿದು, ಒಳಗೊಳಗೆ ಕುದಿಯುತ್ತಿದ್ದೆ. ಅದೂ ಇರಬಹುದಲ್ಲ? ಆಡಿಗೆ ಬೇಡವೆಂದದ್ದು ಅಲ್ಲಿಯ ಜಾಲಿಮುಳ್ಳಿಗಾಗಿಯೂ ಇರಬಹುದು. ಒಂದು ಅರ್ಧ ಮಾತು, ಒಂದು ಬಿಟ್ಟ ದಾರಿ, ಒಂದು ನಾರುವ ಬೋರು, ಇಷ್ಟರ ಮೇಲೆ...

ನಿನ್ನೆ ಬರೆದುಕೊಟ್ಟೆ. ಯಾವ ರೀತಿ ಬರೆಯಬೇಕೆಂದು ವನಜಾಕ್ಷಿ ತಿಳಿಸಿದಳು, ಮಾತು ನನ್ನದೇ, ನನ್ನ ಕೈಯಾರೆ ಬರೆದೆ: ‘ಈ ಕಾರ್ಖಾನೆಯಲ್ಲಿ ಕೆಲಸ ಮಾಡಿದ ನನ್ನ ತಮ್ಮ ಪಂಪಾಪತಿ, ಹಳ್ಳದ ಕಡೆಯ ಬೇಲಿಯ ಹತ್ತಿರ ಎರಡನೆಯ ಹೊಂಡ ಇರುವುದಾಗಿ ನನಗೆ ಹೇಳಿದ್ದನು.’ ಸಹಿ ಮಾಡುವ ಮುಂಚೆ ಅವಳು, “ತಾತ, ಅವರು ಹೀಗೇ ಹೇಳಿದ್ರಾ? ಚೆನ್ನಾಗಿ ನೆನಪಿದ್ಯಾ?” ಎಂದು ಕೇಳಿದಳು. ಹೌದು ಎಂದೆ. ಮ್ಯಾನೇಜರು ನನ್ನ ಮುಖವನ್ನೇ ನೋಡುತ್ತಿದ್ದರು. ಹೌದು ಎಂದು ಇನ್ನೊಮ್ಮೆ ಹೇಳಿದೆ. ಈಗ ಸರಕಾರದ ಫೈಲಿನಲ್ಲಿ ನಿನ್ನ ಹೆಸರಿದೆ. ಬಾವಿ ಕೆಟ್ಟಿದೆ ಎಂದು ಮೊದಲು ಹೇಳಿದವನು ನೀನು ಎಂದೂ ಅದರಲ್ಲೇ ಬರೆದಿದ್ದೇನೆ. ಅದೊಂದು ಸಾಲು ಮಾತ್ರ ಪೂರ್ತಿ ನಿಜ.

ನಾಡಿದ್ದು ಅಗೆಯಲು ಬರುತ್ತಾರೆ. ನಾನು ಬೆಳಿಗ್ಗೆಯೇ ಹೋಗಿ ಆ ಬೇಲಿಯ ಹತ್ತಿರ ನಿಲ್ಲುತ್ತೇನೆ. ಬೂದಿ ಮಣ್ಣು ಬಂದರೆ ನೀನು ಗೆದ್ದೆ, ಓಣಿ ಗೆದ್ದಿತು. ಬರೀ ಎರೆಮಣ್ಣು ಬಂದರೆ, ಗಂಜಿಯ ನೀರಿನ ಸುಳ್ಳಿನ ಮೇಲೆ ನಿನ್ನ ವಿಷಯದಲ್ಲಿ ನಾನು ಹೇಳಿದ ಎರಡನೆಯ ಸುಳ್ಳು ಅದು. ಆಗಲೂ ನಾನು ಮನೆಗೆ ಬರುವುದಿಲ್ಲ. ತಪ್ಪು ನನ್ನದು, ತಮ್ಮನದಲ್ಲ ಎಂದು ಅಲ್ಲೇ ಹೇಳಿ, ಉಳಿದ ಎರಡು ಬೇಲಿಗಳ ಬುಡವನ್ನೂ ಅಗೆಯಿರಿ ಎಂದು ಕಾಲು ಹಿಡಿಯುತ್ತೇನೆ. ಎಂಜಿನ್ ನಿಲ್ಲಿಸಲು ಬಂದರೆ ಹುಲಿಗೆಮ್ಮನನ್ನು ಕರೆದುಕೊಂಡು ಅದರ ಮುಂದೆ ಕೂಡುತ್ತೇನೆ. ಇದು ಮಾತು.

ಆದರೆ ನಡುವೆ ಒಂದು ಪೂರ್ತಿ ದಿನವಿದೆ, ಪಂಪಾ. ನನಗೆ ಕೂತಲ್ಲಿ ಕೂಡಲು ಆಗುತ್ತಿಲ್ಲ. ಅಂದು ನೀನು ಹೇಳಲು ಬಂದದ್ದು ಏನು, ಎಲ್ಲಿ, ಬೇಲಿಯಿಂದ ಎಷ್ಟು ಹೆಜ್ಜೆ? ಈ ಸಲ ನಾನು ನಡುವೆ ಬಾಯಿ ಹಾಕುವುದಿಲ್ಲ. ಪೂರ್ತಿ ಬರೆ. ಅವರು ಗುದ್ದಲಿ ಎತ್ತುವ ಮೊದಲು ನನ್ನ ಕೈಗೆ ಬರುವ ಹಾಗೆ, ಬೇಗ ಬರೆ.

ನಿನ್ನ ಅಣ್ಣ,
ದೊಡ್ಡಬಸಪ್ಪ